ಕಿಟಕಿ ಬೆವರಿದಾಗ

ದಾಳಿಂಬ, ಮುರುಮ್, ಉಮರ್ಗಾ ಸುತ್ತ ಗೌಂಡಿ ಕೆಲಸ ಮಾಡುವ ನನಗೆ ದೀಪಾವಳಿ ಮುಗಿದು ಚಳಿ ಬಿದ್ದ ಕೂಡಲೇ ಒಂದೇ ಥರದ ಫೋನು ಬರತೊಡಗುತ್ತವೆ: "ಕಾಕಾ, ಖಿಡಕಿ ಸೋರ್ಲಾಕತ್ತದ, ಸ್ವಲ್ಪ ಬಂದು ನೋಡ್ರಿ." ಮಳೆ ಹೋಗಿ ಎಷ್ಟೋ ದಿನವಾಗಿರುತ್ತದೆ. ಹೋಗಿ ನೋಡಿದರೆ ಗಾಜಿನ ಒಳಗಡೆ ನೀರು ಇಳಿದಿರುತ್ತದೆ, ಕೆಳಗಿನ ಪಟ್ಟಿಯಲ್ಲಿ ನಿಂತಿರುತ್ತದೆ, ಮೂಲೆಯ ಸುಣ್ಣ ಕಪ್ಪಾಗಿರುತ್ತದೆ. ವಾಟರ್‌ಪ್ರೂಫ್ ಬಣ್ಣಕ್ಕೆ ದುಡ್ಡು ಸುರಿಯುವ ಮೊದಲು ತಿಳಿದಿರಲಿ ಎಂದು ಇಷ್ಟು ಬರೆದಿದ್ದೇನೆ.

1. ಮೊದಲು ನೀರು ಯಾವ ಕಡೆಯದು ನೋಡಿ. ಬೆಳಿಗ್ಗೆ ಗಾಜಿನ ಒಳಮೈಯನ್ನು ಒಣಬಟ್ಟೆಯಿಂದ ಒರೆಸಿ. ಮಳೆಯಿಲ್ಲದ ದಿನವೂ ಬಟ್ಟೆ ಒದ್ದೆಯಾದರೆ ಅದು ಕೋಣೆಯ ಗಾಳಿಯ ತೇವ. ಗೋಡೆಯ ಮೇಲೆ ಅನುಮಾನವಿದ್ದರೆ ಗೇಣಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಮೇಲೆ ಹನಿ ಕೂತರೆ ಗಾಳಿಯದು. ಹಾಳೆಯ ಹಿಂದೆ ಕೂತರೆ ಗೋಡೆಯೊಳಗೇ ನೀರಿದೆ. ಆಗ ಪೈಪು, ಬುನಾದಿ ನೋಡಬೇಕು.

2. ಆ ನೀರು ನಾವೇ ಮಾಡಿದ್ದು. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ಆವಿಯನ್ನು ಹಿಡಿದುಕೊಳ್ಳಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಂಗಿಂತ ತುಸು ಹೆಚ್ಚು, ಅಷ್ಟೆ. ಹೆಚ್ಚಾದದ್ದನ್ನು ಅದು ಎಲ್ಲಿ ತಣ್ಣಗಿದೆಯೋ ಅಲ್ಲಿ ಬಿಟ್ಟುಬಿಡುತ್ತದೆ. ರಾತ್ರಿ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ತಣ್ಣಗಾಗುವುದು ತೆಳು ಗಾಜು, ಅಲ್ಯೂಮಿನಿಯಂ ಚೌಕಟ್ಟು. ನಾಲ್ಕು ಜನ ಎಲ್ಲ ಮುಚ್ಚಿಕೊಂಡು ಮಲಗಿದರೆ ಅವರ ಉಸಿರು, ಮೈಯಿಂದಲೇ ಬೆಳಗಾಗುವಷ್ಟರಲ್ಲಿ ಸುಮಾರು ಒಂದು ಲೀಟರ್ ನೀರು ಗಾಳಿಗೆ ಸೇರುತ್ತದೆ. ಗ್ಯಾಸಿನ ಲೆಕ್ಕ ಹೇಳಿದರೆ ಜನ ನಂಬುವುದಿಲ್ಲ. ಎಲ್‌ಪಿಜಿ ಉರಿದರೆ ನೀರಿನ ಆವಿ ಹುಟ್ಟುತ್ತದೆ, ಒಂದು ಕೆ.ಜಿ.ಗೆ ಒಂದೂವರೆ ಕೆ.ಜಿ.ಗೂ ಮೇಲೆ. 14.2 ಕೆ.ಜಿ.ಯ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿನಷ್ಟು ನೀರು ಅಡುಗೆಮನೆಗೆ ಬಂದಿರುತ್ತದೆ. ಅನ್ನ ಬೇಯುವಾಗಿನ ಹಬೆ ಬೇರೆ.

3. ಹಳೆಯ ಮನೆಗೆ ಬೆಳಕಿಂಡಿ ಇತ್ತು. ನಮ್ಮ ಕಡೆಯ ಮಾಳಿಗೆ ಮನೆಗೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ಕಟ್ಟಿಗೆ ಹಾಸಿ ಮಣ್ಣು, ಕಿಟಕಿಗೆ ಗಾಜಿಲ್ಲದ ಕಟ್ಟಿಗೆಯ ಕದ. ಒಲೆಯ ಹೊಗೆ, ಹಂಡೆಯ ಹಬೆ ಎಲ್ಲ ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾಯಿತು; ಉಮರ್ಗಾ, ಔಸಾ ತಾಲ್ಲೂಕುಗಳಲ್ಲಿ ಅದೇ ಗೋಡೆ, ಅದೇ ಮಣ್ಣಿನ ಭಾರದ ಅಡಿ ಸಾವಿರಾರು ಜನ ಸತ್ತರು. ಆಮೇಲೆ ಜನ ಸ್ಲ್ಯಾಬು, ತಗಡಿಗೆ ತಿರುಗಿದ್ದು ಸರಿಯೇ. ಮಾಳಿಗೆ ಮತ್ತೆ ಕಟ್ಟಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಮಾಳಿಗೆಯ ಜೊತೆ ಬೆಳಕಿಂಡಿಯನ್ನೂ ಬಿಟ್ಟೆವಲ್ಲ, ಅದೇ ನಷ್ಟ. ಹೊಸ ಮನೆ ಕಟ್ಟುವವರು ಪ್ರತಿ ಕೋಣೆಯಲ್ಲೂ ಸ್ಲ್ಯಾಬಿಗೆ ಹತ್ತಿರ ಒಂದು ವೆಂಟಿಲೇಟರ್ ಬಿಡಿಸಲೇಬೇಕು. ಚಳಿಯೆಂದು ಅದಕ್ಕೆ ರಟ್ಟು ತುರುಕಬೇಡಿ.

4. ಹಬೆಯನ್ನು ಹುಟ್ಟಿದಲ್ಲೇ ಹೊರಗೆ ಹಾಕಿ. ಒಲೆ ಹಚ್ಚುವಾಗಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಪಾತ್ರೆಗೆ ಮುಚ್ಚಳ ಮುಚ್ಚಿ. ಸ್ನಾನವಾದ ಮೇಲೆ ಬಚ್ಚಲಿನ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಬೆಳಿಗ್ಗೆ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ತೆರೆದಿಟ್ಟರೆ ರಾತ್ರಿಯ ತೇವ ಹೋಗುತ್ತದೆ. ಅಷ್ಟರಲ್ಲಿ ಗೋಡೆಯ ಕಾವು ಹೋಗುವುದಿಲ್ಲ. ಒದ್ದೆ ಬಟ್ಟೆ ಅಂಗಳದ ಬಿಸಿಲಿಗೇ ಇರಲಿ.

ಇಲ್ಲಿ ಕೈಮುಗಿದು ಹೇಳುವ ಮಾತೊಂದಿದೆ: ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಿನೊಳಗೆ ಕೂರಿಸಬೇಡಿ. ಗಾಳಿ ಸಾಲದೆ ಅದು ಕಾರ್ಬನ್ ಮೋನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಬಿದ್ದು ಜೀವ ಬಿಟ್ಟಿದ್ದಾರೆ. ಗೀಸರ್ ಬಚ್ಚಲಿನ ಹೊರಗೆ, ಬಯಲುಗಾಳಿಯಲ್ಲಿರಲಿ.

5. ತಗಡಿನ ಮನೆಯ ಕಷ್ಟ ಬೇರೆ. ಮೋಡವಿಲ್ಲದ ರಾತ್ರಿಯಲ್ಲಿ ತಗಡು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಸುಕಿನಲ್ಲಿ ಹಾಸಿಗೆಯ ಮೇಲೆ ಹನಿ ಬೀಳುವುದು ಇದರಿಂದ. ತಗಡಿನ ಕೆಳಗೆ ಥರ್ಮಾಕೋಲಿನ ಛತ್ತು ಕಟ್ಟಿದರೆ ಹನಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಮೇಲೆ ಬೀಳುತ್ತಲೇ ಇರುತ್ತದೆ. ತಗಡಿಗೂ ಗೋಡೆಗೂ ನಡುವೆ ಎರಡೂ ಕಡೆ ಗಾಳಿ ಆಡುವಷ್ಟು ಸಂದು ಬಿಡಿ, ಜಾಳಿಗೆ ಹಚ್ಚಿ.

6. ಕೂಲರ್ ಕೂಡ ಕೋಣೆಯ ಗಾಳಿಗೆ ತೇವ ತುಂಬುತ್ತದೆ, ಅದನ್ನು ಹಾಕಿದಾಗ ಎದುರಿನ ಕಿಟಕಿ ತೆರೆದಿರಬೇಕು. ಮಳೆಗಾಲದಲ್ಲಿ ಕೂಲರ್ ಬೇಡವೇ ಬೇಡ.

7. ಕಪ್ಪು ಬೂಷ್ಟಿನ ಮೇಲೆ ಬಣ್ಣ ಬಳಿದರೆ ಅದು ಮತ್ತೆ ಮೇಲೇಳುತ್ತದೆ. ಮೊದಲು ತೊಳೆದು ಒಣಗಿಸಿ. ಬ್ಲೀಚಿಂಗ್ ಪೌಡರ್ ಬಳಸಿದರೆ ಕಿಟಕಿ ತೆರೆದಿರಲಿ, ಅದಕ್ಕೆ ಆಸಿಡ್ ಮಾತ್ರ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಅಲಮಾರಿಯನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.

8. ಹೊಸ ಮನೆಯ ಮೊದಲ ಚಳಿಗಾಲದಲ್ಲಿ ಕಿಟಕಿ ಬೆವರಿದರೆ ಗಾಬರಿ ಬೇಡ. ಸ್ಲ್ಯಾಬಿಗೆ, ಗಿಲಾವಿಗೆ ಹೊಡೆದ ನೀರು ತಿಂಗಳುಗಟ್ಟಲೆ ಹೊರಗೆ ಬರುತ್ತಿರುತ್ತದೆ. ಗೃಹಪ್ರವೇಶದ ಅವಸರಕ್ಕೆ ಎಣ್ಣೆಬಣ್ಣ ಹಚ್ಚಿಸಬೇಡಿ. ಸದ್ಯಕ್ಕೆ ಸುಣ್ಣ ಹೊಡೆಸಿ, ಒಂದು ಬೇಸಿಗೆ ದಾಟಲಿ, ಬಣ್ಣ ಆಮೇಲೆ.