ಸೋಯಾ, ಶುಂಠಿ, ಖಾರದ ಊಟಕ್ಕೆ ಒಂದು ಕೆಂಪು ವೈನ್

ಚೀನೀ, ಥಾಯ್ ಅಡುಗೆಗೆ ಕೆಂಪು ವೈನ್ ಹೊಂದುವುದಿಲ್ಲ ಎನ್ನುವವರು ಬಹುಪಾಲು ಬೋರ್ಡೋದಂಥ ಗಟ್ಟಿ ವೈನ್ ಕುಡಿದು ನೋಡಿದವರು. ಅದರ ಟ್ಯಾನಿನ್, ಅಂದರೆ ನಾಲಿಗೆ ಹಿಡಿಯುವ ಒಗರು, ಮೆಣಸಿನಕಾಯಿಯ ಜೊತೆ ಸೇರಿದರೆ ಬಾಯಿ ಒಣಗಿ ಉರಿಯುತ್ತದೆ. ಸೋಯಾ ಸಾಸ್ ತಿಂದ ಮೇಲೆ ಕುಡಿದರಂತೂ ಕಹಿ. ಇಂಥ ಊಟಕ್ಕೆ ಬೇಕಾದದ್ದು ಒಗರು ಕಡಿಮೆ ಇರುವ, ಹುಳಿ ಚುರುಕಾಗಿರುವ ಕೆಂಪು ವೈನ್. ನನ್ನ ಆಯ್ಕೆ ಫ್ರಾನ್ಸಿನ ಫ್ಲ್ಯೂರಿ.

ಲಿಯಾನ್ ನಗರದ ಉತ್ತರಕ್ಕಿರುವ ಬೋಜೊಲೆ ಸೀಮೆಯ ಊರು ಇದು. ಮಡೋನಾ ಚಾಪೆಲ್ ಇರುವ ಗುಡ್ಡದ ಇಳಿಜಾರಿನಲ್ಲೆಲ್ಲ ದ್ರಾಕ್ಷಿತೋಟಗಳು. ಕಾಲಡಿ ನಸುಗೆಂಪು ಗ್ರಾನೈಟ್ ಪುಡಿಯಾದ ಮರಳುಮಣ್ಣು. ಬಳ್ಳಿ ಗಾಮೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಈ ಬಳ್ಳಿಯನ್ನು ಕಿತ್ತುಹಾಕಲು ಆಜ್ಞೆ ಹೊರಡಿಸಿದ್ದ. ದಕ್ಷಿಣದ ಈ ಬಡ ಮಣ್ಣಿನಲ್ಲಿ ಅದು ಗಟ್ಟಿಯಾಗಿ ಬೇರೂರಿತು. ಇಲ್ಲಿ ಗೊಂಚಲನ್ನು ಕೈಯಲ್ಲೇ ಕೊಯ್ದು, ಹಿಂಡದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ. ತಳದ ಹಣ್ಣು ಭಾರಕ್ಕೆ ಜಜ್ಜಿ ಹುದುಗಿದಾಗ ಬರುವ ಇಂಗಾಲದ ಡೈಆಕ್ಸೈಡ್ ಮೇಲಕ್ಕೆ ತುಂಬಿಕೊಳ್ಳುತ್ತದೆ. ಆಗ ಮೇಲಿನ ಹಣ್ಣು ಸಿಪ್ಪೆ ಒಡೆಯದೆ ಒಳಗೊಳಗೇ ಹುದುಗಲು ತೊಡಗುತ್ತದೆ. ಬಣ್ಣ, ಘಮ ಚೆನ್ನಾಗಿ ಇಳಿಯುತ್ತವೆ; ಒಗರು ಅಷ್ಟಾಗಿ ಇಳಿಯುವುದಿಲ್ಲ.

ಮೊದಲು ಲೇಬಲ್ ನೋಡಿ. ನವೆಂಬರ್ ಮೂರನೇ ಗುರುವಾರ ಬರುವ ಬೋಜೊಲೆ ನುವೋ ಬೇರೆ, ಅದನ್ನು ಎಳೆಯದಾಗಿದ್ದಾಗಲೇ ಕುಡಿಯಬೇಕು. ನಿಮಗೆ ಬೇಕಾದದ್ದು ಆ ಸೀಮೆಯ ಹತ್ತು ಮೇಲ್ದರ್ಜೆಯ ಹೆಸರುಗಳಲ್ಲಿ ಒಂದು. ಇವುಗಳ ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಫ್ಲ್ಯೂರಿ, ಮೊರ್ಗೋನ್, ಮೂಲಾನ್-ಅ-ವಾನ್ ಎಂಬ ಹೆಸರು. ಗಾಮೆ ಎಂದು ಎಷ್ಟೋ ಸಲ ಬರೆದೇ ಇರುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಈ ಹೆಸರು ಹೇಳಿಯೇ ಕೇಳಿ.

ಆಮೇಲೆ ತಣ್ಣಗೆ ಮಾಡಿ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕೆಂಬುದು ಚಳಿದೇಶದ ಮಾತು. ಏಪ್ರಿಲ್‌ನ ಬೆಂಗಳೂರಿಗೆ ಅದು ಸಲ್ಲದು. ಫ್ಲ್ಯೂರಿಗೆ 13–14 ಡಿಗ್ರಿ ಸೆಲ್ಸಿಯಸ್ ಸಾಕು. ಫ್ರಿಜ್‌ನಲ್ಲಿ ಒಂದೂವರೆ ಗಂಟೆ ಇಡಿ. ಅವಸರವಿದ್ದರೆ ಬಕೆಟ್ಟಿಗೆ ಐಸ್ ಹಾಕಿ, ಬಾಟಲಿಯ ಕುತ್ತಿಗೆಯವರೆಗೆ ನೀರು ಸುರಿಯಿರಿ. ಬರೀ ಐಸ್ ಗಾಜಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರಾದರೆ ಸುತ್ತಲೂ ಆವರಿಸುತ್ತದೆ. ಕಾಲು ಗಂಟೆಯಲ್ಲಿ ಕೆಲಸ ಆಗುತ್ತದೆ.

ಇನ್ನು ತಟ್ಟೆಗೆ ಬನ್ನಿ. ಕೆಂಡದ ಮೇಲೆ ಸುಟ್ಟ ಹಂದಿಮಾಂಸ, ಫಿಶ್ ಸಾಸ್, ನಿಂಬೆ, ಪುದೀನ ಸೇರುವ ವಿಯೆಟ್ನಾಮಿನ ಬುನ್ ಚಾ ಇದ್ದರೆ ಫ್ಲ್ಯೂರಿಯನ್ನೇ ತೆರೆಯಿರಿ. ಉಪ್ಪು, ಹುಳಿ ಎರಡೂ ವೈನನ್ನು ಮೆದುವಾಗಿಸುತ್ತವೆ, ಹಣ್ಣಿನ ರುಚಿ ಮುಂದೆ ಬರುತ್ತದೆ. ಜಪಾನಿನ ಯಾಕಿತೋರಿಗೂ ಕೊರಿಯಾದ ಬುಲ್ಗೋಗಿಗೂ ಇದೇ ಸರಿ. ಪೀಕಿಂಗ್ ಬಾತುಕೋಳಿಯಲ್ಲಿ ಜಿಡ್ಡು ಜಾಸ್ತಿ. ಅಲ್ಲಿ ಸ್ವಲ್ಪ ಗಟ್ಟಿಯಾದ ಮೂಲಾನ್-ಅ-ವಾನ್ ಮೇಲು. ಕಾಚಂಪುಳಿ ಹಾಕಿದ ಕೊಡಗಿನ ಪಂದಿಕರಿಯ ಜೊತೆ ಮೊರ್ಗೋನ್ ನನಗೆ ತುಂಬ ಇಷ್ಟ.

ಎರಡು ಕಡೆ ಮಾತ್ರ ಬೇಡ ಎನ್ನುತ್ತೇನೆ. ಸಿಚುವಾನ್‌ನ ಕಡುಖಾರದ ಜೊತೆ ಆಲ್ಕೋಹಾಲ್ ಉರಿ ಹೆಚ್ಚಿಸುತ್ತದೆ, ಬಿಯರ್ ವಾಸಿ. ಹಸಿಮೀನಿನ ಸುಶಿಯೂ ಬೇಡ: ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನೊಂದಿಗೆ ಸೇರಿ ನೀಸು ವಾಸನೆ ಎಬ್ಬಿಸುತ್ತದೆ.

ಉಳಿದ ವೈನಿಗೆ ಬಿರಡೆ ಹಾಕಿ ಫ್ರಿಜ್‌ನಲ್ಲೇ ಇಡಿ. ಎರಡು ಮೂರು ದಿನ ಚೆನ್ನಾಗಿರುತ್ತದೆ. ಮರುದಿನ ಮೊಟ್ಟೆ ಫ್ರೈಡ್ ರೈಸ್ ಮಾಡಿದರೂ ಅದಕ್ಕೂ ಒಪ್ಪುತ್ತದೆ.