ಒಂದು ನಳ, ಮೂರು ಮನೆ

ಅಕ್ಕಂದಿರೆ, ಇದು ಶಿಗ್ಗಾವಿ ತಾಲೂಕಿನ ದುಂಡಸಿ ಕಡೆಯ ಒಂದು ಓಣಿಯ ಮಾತು. ಒಂದೇ ಅಂಗಳ. ಅಂಗಳಕ್ಕೆ ಮೂರು ಮನೆ. ಮೂರು ಮನೆಗೂ ಸೇರಿ ನೀರಿನ ಮೀಟರ್ ಒಂದೇ.

ಜಗಳ ಆಡಿದವರ ಹೆಸರು ನಮಗೆ ಬೇಡ. ಒಬ್ಬಳನ್ನು ಮೂಲೆಮನೆ ಅಕ್ಕ ಎನ್ನೋಣ. ಅವಳ ಮನೆಯಲ್ಲಿ ನಾಲ್ಕು ಜನ. ಇನ್ನೊಬ್ಬಳು ನಡುಮನೆ ಅಕ್ಕ. ಅವಳ ಮನೆಯಲ್ಲಿ ಆರು ಜನ, ಒಂದು ಎಮ್ಮೆ. ಮೂರನೆಯವಳು ರೊಟ್ಟಿ ಆಯಿ. ರೊಟ್ಟಿ ಬಡಿದು ಮಾರುತ್ತಾಳೆ. ಅವಳ ಜೊತೆ ಮೊಮ್ಮಗಳು ಇದ್ದಾಳೆ. ಪಾಠಕ್ಕಾಗಿ ನಾನು ಅಂಕಿಗಳನ್ನು ಸರಳ ಮಾಡಿದ್ದೇನೆ.

ಒಂದು ತಿಂಗಳು ನೀರಪಟ್ಟಿ 360 ರೂಪಾಯಿ ಬಂತು. ಮೊದಲು ಅಷ್ಟು ಬರುತ್ತಿರಲಿಲ್ಲ. ಮೂರು ಪಾಲು ಮಾಡಿದರೆ ಮನೆಗೆ 120.

"ನಿನ್ನ ಎಮ್ಮಿ ಕುಡದ ನೀರಿಗೆ ನಾ ಯಾಕ ರೊಕ್ಕಾ ಕೊಡ್ಲಿ?" ಎಂದಳು ಮೂಲೆಮನೆ ಅಕ್ಕ.

"ನೀ ದಿನಾ ಅಂಗಳಾ ತೊಳೀತಿ. ಅದರ ಲೆಕ್ಕಾ ಯಾರ ಕೊಡಬೇಕು?" ಎಂದಳು ನಡುಮನೆ ಅಕ್ಕ.

"ನಾವು ಇಬ್ಬರ ಅದೀವಿ. ನಮಗೂ ನೂರಾ ಇಪ್ಪತ್ತೇನು?" ಎಂದಳು ಆಯಿ.

ಯಾರೂ ಕಟ್ಟಲಿಲ್ಲ. ಮೂರು ತಿಂಗಳು ಹೀಗೇ ಹೋಯಿತು. ಆ ವರ್ಷ ಪಂಚಮಿಗೆ ಒಂದು ಮನೆಯ ಉಂಡಿ ಇನ್ನೊಂದು ಮನೆಗೆ ಹೋಗಲಿಲ್ಲ. ಆಮೇಲೆ ಪಂಚಾಯತಿಯಿಂದ ಚೀಟಿ ಬಂತು. ಬಾಕಿ ಕಟ್ಟದಿದ್ದರೆ ನಳ ಬಂದ್. ನಡುಮನೆ ಅಕ್ಕನ ಗಂಡ ಬೇಸತ್ತು, "ಎಮ್ಮಿ ಮಾರೂನು, ಜಗಳಾನ ಬ್ಯಾಡ" ಎಂದ. ಆ ಎಮ್ಮೆಯ ಹಾಲಿನ ದುಡ್ಡಿನಲ್ಲೇ ಅವರ ಮಗಳ ಶಾಲೆ ನಡೆಯುತ್ತಿತ್ತು.

ನಡುಮನೆ ಅಕ್ಕ ರಾತ್ರಿ ಶಾಲೆಗೆ ಬರತೊಡಗಿ ಆರು ತಿಂಗಳಾಗಿತ್ತು. ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. "ಅಕ್ಕೋರ, ಇದನ್ನ ಓದ್ರಿ" ಎಂದಳು. ನಾನು ಓದಲಿಲ್ಲ. "ನೀನೇ ಓದು" ಎಂದೆ.

ಬೆರಳಿಟ್ಟು ಓದಿದಳು. ಹಿಂದಿನ ಅಂಕಿ 412. ಈಗಿನ ಅಂಕಿ 448. ಕಳೆದಳು. 36 ಉಳಿಯಿತು.

36 ಎಂದರೆ ಏನು? ಮೀಟರಿನ ಕಪ್ಪು ಅಂಕಿ ಒಂದು ಏರಿದರೆ 1,000 ಲೀಟರ್ ನೀರು ಹೋಯಿತು ಎಂದು ಅರ್ಥ. ಕೆಂಪು ಅಂಕಿ ಅದಕ್ಕಿಂತ ಸಣ್ಣ ಲೆಕ್ಕ ತೋರಿಸುತ್ತದೆ. ಹಾಗಾದರೆ 36,000 ಲೀಟರ್. ಒಂದು ಕೊಡಕ್ಕೆ 15 ಲೀಟರ್ ಹಿಡಿದರೆ 2,400 ಕೊಡ.

"ಯವ್ವಾ! ಇಷ್ಟು ಹೊತ್ತಿದ್ರ ನಮ್ಮ ನಡಾ ಉಳೀತಿದ್ದಿಲ್ಲ" ಎಂದು ಎಲ್ಲರೂ ನಕ್ಕರು. ನಕ್ಕ ಮೇಲೆ ಸುಮ್ಮನಾದರು. ಇಷ್ಟು ನೀರು ಎಲ್ಲಿ ಹೋಯಿತು?

2019ರಲ್ಲಿ ಜಲ ಜೀವನ್ ಮಿಷನ್ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ಇದನ್ನು ಮನೆ ಮನೆಗೆ ಗಂಗೆ ಎನ್ನುತ್ತಾರೆ. ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಇದರ ಲೆಕ್ಕ. ನಾವೂ ಅದನ್ನೇ ಹಿಡಿದೆವು. ಮೂರು ಮನೆಗೆ 12 ಜನ. ದಿನಕ್ಕೆ 660 ಲೀಟರ್. 30 ದಿನಕ್ಕೆ 19,800 ಲೀಟರ್. ಎಮ್ಮೆಗೆ ದಿನಕ್ಕೆ 60 ಲೀಟರ್ ಹಿಡಿದೆವು. ತಿಂಗಳಿಗೆ 1,800. ಎರಡೂ ಕೂಡಿದರೆ 21,600. ಇನ್ನೂ 14,400 ಲೀಟರಿಗೆ ಲೆಕ್ಕ ಸಿಗಲಿಲ್ಲ. ಎಮ್ಮೆಯೊಂದು ಅಷ್ಟು ಕುಡಿದೀತೆ?

ಮರುದಿನ ಮುಂಜಾನೆ ಊರಿಗೆ ನೀರು ಬಿಟ್ಟ ಹೊತ್ತು. ಮೂರೂ ಮನೆಯವರು ತಮ್ಮ ನಳ ಬಂದ್ ಮಾಡಿದರು. ಮೂವರೂ ಮೀಟರಿನ ಮುಂದೆ ಕುಳಿತರು. ಮಾತಿಲ್ಲ. ಯಾರೂ ಒಂದು ತಂಬಿಗೆ ನೀರು ಹಿಡಿಯಲಿಲ್ಲ. ಆದರೂ ಮೀಟರ್ ತಿರುಗುತ್ತಿತ್ತು! ಅರ್ಧ ತಾಸಿನಲ್ಲಿ 120 ಲೀಟರ್ ಹೋಯಿತು. ನೀರು ಬಿಡುವುದು ದಿನಕ್ಕೆ ಎರಡು ತಾಸು. ಅಂದರೆ ದಿನಕ್ಕೆ 480 ಲೀಟರ್. 30 ದಿನಕ್ಕೆ 14,400. ಸಿಗದಿದ್ದ ಲೆಕ್ಕ ಅಲ್ಲಿ ಸಿಕ್ಕಿತು.

ಎಮ್ಮೆ ಕಟ್ಟುವ ಜಾಗದ ಹತ್ತಿರ ನೆಲ ಯಾವಾಗಲೂ ಹಸಿ ಇರುತ್ತಿತ್ತು. ಎಮ್ಮೆಯ ಗಂಜಳ ಎಂದು ಎಲ್ಲರೂ ತಿಳಿದಿದ್ದರು. ಅಗೆದು ನೋಡಿದರೆ ಪೈಪಿನ ಜಾಯಿಂಟ್ ಬಿಟ್ಟಿತ್ತು. ಶಿಶುನಾಳ ನಮ್ಮ ತಾಲೂಕಿನ ಊರೇ. ಮಾಳಿಗೆ ಸೋರುವುದರ ಮೇಲೆ ಪದ ಕಟ್ಟಿದ ಶರೀಫಜ್ಜ ಇದನ್ನು ಕಂಡಿದ್ದರೆ ಪೈಪಿನ ಮೇಲೂ ಒಂದು ಪದ ಹಾಡುತ್ತಿದ್ದನೇನೋ.

ಸೋರಿಕೆ ಸಿಕ್ಕಿತು. ಜಗಳ ಪೂರಾ ಮುಗಿಯಲಿಲ್ಲ. "ನಿನ್ನ ಜಾಗದಾಗ ಸೋರೇತಿ, ನೀನ ಕೊಡು" ಎಂದಳು ಮೂಲೆಮನೆ ಅಕ್ಕ. ಇದು ಸರಿಯೇ? ನನಗೆ ಸರಿ ಕಾಣಲಿಲ್ಲ. ಮೀಟರಿನ ಆಚೆಯ ಪೈಪು ಸಾಮಾನ್ಯವಾಗಿ ಪಂಚಾಯತಿಯದು. ಈಚೆಯದು ಮನೆಯವರದು. ಈ ಜಾಯಿಂಟ್ ಈಚೆ ಇತ್ತು. ಆದರೆ ಅದೇ ಪೈಪಿನಿಂದ ಮೂರೂ ಮನೆಗೆ ನೀರು ಹೋಗುತ್ತಿತ್ತು. ಕಡೆಗೆ ಆಯಿಯೇ, "ಪೈಪು ಮೂವರದು. ನನ್ನ ಪಾಲು ನಾ ಕೊಡ್ತೀನಿ. ಒಮ್ಮೆ ಕೊಡಾಕ ಆಗೂದಿಲ್ಲ, ಅಷ್ಟ" ಎಂದಳು. ಆಮೇಲೆ ಮೂಲೆಮನೆ ಅಕ್ಕ ಮಾತಾಡಲಿಲ್ಲ.

1,000 ಲೀಟರಿಗೆ 10 ರೂಪಾಯಿ ದರ ಎಂದು ಹಿಡಿಯೋಣ. ನಿಮ್ಮ ಊರಿನ ದರ ಪಂಚಾಯತಿಯಲ್ಲಿ ಕೇಳಿರಿ. ಸೋರಿದ ನೀರಿಗೆ 144 ರೂಪಾಯಿ. ಮನೆಗೆ 48. ಉಳಿದ 216 ರೂಪಾಯಿ ತಲೆ ಲೆಕ್ಕ. ಎಮ್ಮೆಯನ್ನೂ ಒಂದು ತಲೆ ಎಂದು ಹಿಡಿದರು. ಒಟ್ಟು 13 ತಲೆ. ತಲೆಗೆ 17 ರೂಪಾಯಿ. ಮೂಲೆಮನೆಗೆ 68, ನಡುಮನೆಗೆ 119, ಆಯಿಗೆ 34. ಕೂಡಿದರೆ 221. ಹೆಚ್ಚಾದ 5 ರೂಪಾಯಿ ರಿಪೇರಿ ಡಬ್ಬಿಗೆ. ಮೂರೂ ತಿಂಗಳ ಬಾಕಿಗೆ ಇದೇ ಲೆಕ್ಕ ಹಿಡಿದರು. ನಡುಮನೆಯವರು ಮೊದಲಿಗಿಂತ ಹೆಚ್ಚು ಕೊಟ್ಟರು. ಆದರೆ ಎಮ್ಮೆ ಉಳಿಯಿತು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದರು. ಮೊಮ್ಮಗಳು ಓದಿ ಹೇಳಿದ ಮೇಲೆ ಆಯಿ ಹೆಬ್ಬೆಟ್ಟು ಒತ್ತಿದಳು. ಆಯಿ ಕಂತಿನಲ್ಲಿ ಕೊಡುವುದನ್ನೂ ಬರೆದರು. ಹಣ ಕಟ್ಟಿದ ರಸೀದಿಗಳನ್ನು ಅದೇ ಹಾಳೆಗೆ ಪೋಣಿಸಿ ಇಡುತ್ತಾರೆ.

ಎಲ್ಲ ಅಂಗಳದಲ್ಲೂ ಹೀಗೆ ಮುಗಿಯುವುದಿಲ್ಲ. ಆಗ ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಹೇಳಿರಿ. ಈ ಸಮಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕೆಂದು ಜಲ ಜೀವನ್ ಮಿಷನ್ನಿನ ನಿಯಮ ಇದೆ. ದರ, ಮೀಟರ್ ಇವುಗಳ ಪ್ರಶ್ನೆಯನ್ನು ಗ್ರಾಮಸಭೆಯಲ್ಲೂ ಕೇಳಬಹುದು. ಕೋರ್ಟಿನವರೆಗೆ ಹೋಗುವ ಜಗಳವಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ. ಗಳಿಕೆ ಎಷ್ಟಿದ್ದರೂ ಸರಿ. ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಕೋರ್ಟಿನ ತೀರ್ಪಿನಷ್ಟೇ ಬೆಲೆ ಇದೆ. ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ಪೂರಾ ಓದಿ, ತಿಳಿದು ಸಹಿ ಮಾಡಬೇಕು.

ಈಗ ನೀವು ಮಾಡಿರಿ

ನಿಮ್ಮ ಮೀಟರಿನ ಕಪ್ಪು ಅಂಕಿಯನ್ನು ಇಂದು ಬರೆಯಿರಿ. ಮುಂದಿನ ತಿಂಗಳು ಇದೇ ದಿನ ಮತ್ತೆ ಬರೆಯಿರಿ. ಕಳೆಯಿರಿ.

ಆಯಿಯ ಇನ್ನೊಬ್ಬ ಮೊಮ್ಮಗಳು ಬಾಣಂತನಕ್ಕೆ ಬಂದಳು. ತಲೆಗೆ 17ರಂತೆ ಆಯಿ ಈಗ ಎಷ್ಟು ಕೊಡಬೇಕು? ಕೂಸನ್ನು ಒಂದು ತಲೆ ಎಂದು ಹಿಡಿಯಬೇಕೆ, ಬೇಡವೆ? ಕೂಸು ನೀರು ಕುಡಿಯುವುದಿಲ್ಲ, ಆದರೆ ಅದರ ಅರಿವೆ ತೊಳೆಯಲು ನೀರು ಬೇಕು. ನಿಮ್ಮ ಓಣಿಯಲ್ಲಿ ಕುಳಿತು ಮಾತಾಡಿರಿ.