ಕಷ್ಟದ ದಿನಗಳಲ್ಲಿ ಜೊತೆಗಿರುವುದೂ ಒಂದು ಮದ್ದು

ಗಲ್ಫ್‌ನಲ್ಲಿ ಹತ್ತಾರು ವರ್ಷ ದುಡಿದವರು ಕೆಲಸ ಕಳೆದುಕೊಂಡು ಊರಿಗೆ ಮರಳುತ್ತಾರೆ. ಮೊದಲ ವಾರ ನೆಂಟರಿಷ್ಟರು ಬಂದು ಮಾತನಾಡಿಸಿ ಹೋಗುತ್ತಾರೆ. ಆಮೇಲೆ ‘ಮತ್ತೆ ಯಾವಾಗ ಹೋಗುವುದು?’ ಎಂಬ ಪ್ರಶ್ನೆ ಶುರುವಾಗುತ್ತದೆ. ಉತ್ತರ ಕೊಡಲಾಗದೆ ಅವರು ಮದುವೆ ಮನೆಗೆ ಹೋಗುವುದನ್ನೂ ಬಿಡುತ್ತಾರೆ. ರಾತ್ರಿ ನಿದ್ದೆಯಿಲ್ಲ. ಸಣ್ಣ ಮಾತಿಗೂ ಮಕ್ಕಳ ಮೇಲೆ ರೇಗುತ್ತಾರೆ. ಮನೆಯವರು ಇದನ್ನು ಬರೀ ಸಿಡುಕುತನ ಎಂದುಕೊಳ್ಳುತ್ತಾರೆ. ಆದರೆ ಒಳಗೆ ಕೆಲಸ ಮಾಡುತ್ತಿರುವುದು ಮಾನಸಿಕ ಒತ್ತಡ.

ಒತ್ತಡ ಮನಸ್ಸಿಗಷ್ಟೇ ಸೀಮಿತವಲ್ಲ. ಅಪಾಯ ಎದುರಾದಾಗ ದೇಹ ಅಡ್ರಿನಾಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತದೆ. ಎದೆಬಡಿತ, ರಕ್ತದೊತ್ತಡ, ರಕ್ತದ ಸಕ್ಕರೆ ಏರುತ್ತವೆ. ಅಪಾಯ ಕಳೆದ ಮೇಲೆ ಇವು ಇಳಿಯಬೇಕು. ಚಿಂತೆ ತಿಂಗಳುಗಟ್ಟಲೆ ಮುಂದುವರಿದರೆ ನಿದ್ದೆ ಕೆಡುತ್ತದೆ, ತಲೆನೋವು, ಅಜೀರ್ಣ ಕಾಡುತ್ತವೆ. ಮಧುಮೇಹ ಇದ್ದವರಿಗೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕ ಕೊಟ್ಟರು. ಬಾಳಸಂಗಾತಿಯ ಮರಣಕ್ಕೆ 100, ವಿಚ್ಛೇದನಕ್ಕೆ 73, ಕೆಲಸ ಹೋಗುವುದಕ್ಕೆ 47. ಮದುವೆಗೂ 50 ಅಂಕವಿದೆ! ಸಂತಸದ ಬದಲಾವಣೆಯೂ ಹೊಂದಾಣಿಕೆಯನ್ನು ಕೇಳುತ್ತದೆ ಎಂಬುದು ಇದರ ಅರ್ಥ. ಹೊಸ ಸೊಸೆ ಮಂಕಾಗಿದ್ದರೆ ತಪ್ಪು ತಿಳಿಯಬೇಡಿ.

ಒತ್ತಡವನ್ನು ನಿಭಾಯಿಸಲು ಎರಡು ದಾರಿಗಳಿವೆ. ಬದಲಿಸಲು ಸಾಧ್ಯವಿರುವುದನ್ನು ಬದಲಿಸುವುದು ಮೊದಲನೆಯದು. ಸಾಲ ಎಷ್ಟು, ಯಾರಿಗೆ, ಯಾವಾಗ ಕೊಡಬೇಕು ಎಂದು ಕಾಗದದಲ್ಲಿ ಬರೆಯಿರಿ. ಯಾವ ಖರ್ಚು ನಿಲ್ಲಿಸಬಹುದೆಂದು ದಂಪತಿ ಜೊತೆಗೆ ಕುಳಿತು ನೋಡಿ. ಬದಲಿಸಲಾಗದ್ದನ್ನು ತಾಳಿಕೊಳ್ಳಲು ಮನಸ್ಸನ್ನು ಸಿದ್ಧಗೊಳಿಸುವುದು ಎರಡನೆಯದು. ನಮಾಝ್, ದುಆ, ದಿನಕ್ಕೆ ಅರ್ಧ ಗಂಟೆ ನಡಿಗೆ, ನಂಬಿದವರ ಬಳಿ ಮನಬಿಚ್ಚಿ ಮಾತು ಇದಕ್ಕೆ ನೆರವಾಗುತ್ತವೆ. ಸಿಗರೇಟು ಸೇದುವುದು, ಇಡೀ ದಿನ ಮೊಬೈಲ್ ಹಿಡಿದು ಮಲಗುವುದು ಕ್ಷಣಕಾಲ ಮರೆವು ಕೊಡಬಹುದು. ಸಮಸ್ಯೆ ಇದ್ದಲ್ಲೇ ಇರುತ್ತದೆ.

ಇನ್ನು ಸುತ್ತಲಿನವರ ಪಾತ್ರ. ಕಷ್ಟಕ್ಕೆ ನಮ್ಮವರಿದ್ದಾರೆ ಎಂಬ ನಂಬಿಕೆ ಒತ್ತಡದ ಪೆಟ್ಟನ್ನು ತಗ್ಗಿಸುತ್ತದೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಆಸರೆ ಹಲವು ಬಗೆಯದು. ಕಿವಿಗೊಟ್ಟು ಕೇಳುವುದು ಒಂದು. ಮಕ್ಕಳ ಶಾಲೆಯ ಫೀಸು ಕಟ್ಟುವುದು, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು ಇನ್ನೊಂದು. ಕೆಲಸ ಎಲ್ಲಿದೆ ಎಂದು ತಿಳಿಸುವುದು ಮತ್ತೊಂದು. ಸಾವಿನ ಮನೆಗೆ ನೆರೆಯವರು ಅಡುಗೆ ಮಾಡಿ ಕಳುಹಿಸುವ ನಮ್ಮ ರೂಢಿ ಇಂತಹದೇ ಆಸರೆ. ಆದರೆ ಅದು ಮೂರು ದಿನಕ್ಕೆ ಮುಗಿಯಬಾರದು. ಜನ ಬರುವುದು ನಿಂತ ಮೇಲೆಯೇ ಮನೆ ನಿಜವಾಗಿ ಖಾಲಿಯೆನಿಸುವುದು. ತಿಂಗಳ ನಂತರವೂ ಒಮ್ಮೆ ಬಾಗಿಲು ತಟ್ಟಿ.

‘ಸಬ್ರ್ ಮಾಡು’ ಎಂದು ಹೇಳಿ ಎದ್ದು ಹೋಗುವುದು ಸುಲಭ. ಸಹನೆಯ ಮಾತು ಒಳ್ಳೆಯದೇ; ಅದಕ್ಕೆ ಮೊದಲು ಅವರ ಮಾತು ಪೂರ್ತಿ ಕೇಳಿ. ‘ನಿನಗಿಂತ ಕಷ್ಟದಲ್ಲಿರುವವರಿದ್ದಾರೆ’ ಎಂದು ಹೋಲಿಸಬೇಡಿ. ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವುದಕ್ಕಿಂತ ‘ನಾಳೆ ಮಕ್ಕಳನ್ನು ನಾನು ಶಾಲೆಗೆ ಬಿಡುತ್ತೇನೆ’ ಎನ್ನಿ. ಕೇಳಲು ಸಂಕೋಚಪಡುವವರಿಗೆ ಅದು ದೊಡ್ಡ ಉಪಕಾರ. ಅವರು ಹೇಳಿಕೊಂಡದ್ದು ನಿಮ್ಮಲ್ಲೇ ಉಳಿಯಲಿ. ಎಲ್ಲರನ್ನೂ ಸಂಭಾಳಿಸುವ ಮನೆಯೊಡತಿಗೂ ಮನಸ್ಸು ಹಗುರ ಮಾಡಿಕೊಳ್ಳಲು ಒಬ್ಬರು ಬೇಕು ಎಂಬುದನ್ನು ಮರೆಯಬೇಡಿ.

ಬೇಸರ, ನಿರಾಸಕ್ತಿ, ನಿದ್ರಾಹೀನತೆ ಎರಡು ವಾರ ದಾಟಿದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲೇ ಮಾತನಾಡಬಹುದು. ಜ್ವರಕ್ಕೆ ಮದ್ದು ಕೇಳಲು ನಾಚದ ನಾವು ಮನಸ್ಸಿನ ನೋವಿಗೆ ನೆರವು ಕೇಳಲು ಯಾಕೆ ನಾಚಬೇಕು?